ಗೀರುಗಳು

ಬಾಯ್ಲರ್ ಆರಿಸಿ ಮೂರು ದಿನ.
ಕೈಯಿಟ್ಟರೆ ಇನ್ನೂ ಬೆಚ್ಚಗಿದೆ,
ಈಗಷ್ಟೇ ಎದ್ದುಹೋದವರ ಹಾಸಿಗೆಯ ಹಾಗೆ.
ಭದ್ರಾವತಿ, ಮಾರ್ಚಿ ತಿಂಗಳು. ಕೆಳಗೆ ಹೊಳೆ
ಕಲ್ಲುಗಳ ನಡುವೆ ಇಷ್ಟೇ ಇಷ್ಟು.
ನಾಲ್ಕನೇ ಅಂತಸ್ತಿನ ಕಬ್ಬಿಣದ ಜಾಲರಿಯ ಮೇಲೆ
ಮಂಡಿಯೂರಿ
ಉಗಿಕೊಳವೆಯ ಮೈ ಉಜ್ಜುತ್ತಿದ್ದೇನೆ.

ಹೆಬ್ಬೆಟ್ಟಗಲ ಜಾಗ ಸಾಕು.
ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ,
ಕೊನೆಗೆ ವಜ್ರದ ಪುಡಿ ಹಚ್ಚಿದ ಬಟ್ಟೆ.
ಇಪ್ಪತ್ತಾರು ವರ್ಷದ ಮಸಿ ಹೋಗಿ
ಒಂದು ಕನ್ನಡಿ ಏಳುತ್ತದೆ. ಅದರಲ್ಲಿ ನನ್ನ ಮೂಗು,
ಹಿಂದೆ ದಸ್ತಗೀರ್ ಸಾಬರ ಟಾರ್ಚು.

"ಒಡೆಯೋ ಹಾಗಿದ್ರೆ ಇಷ್ಟೊತ್ತಿಗೆ ಒಡೀಬೇಕಿತ್ತಲ್ಲ ಮೇಡಮ್ಮೋರೆ?"

ಹೇಗೆ ಹೇಳಲಿ.
ಭಾರ ಅಂದೂ ಇಷ್ಟೇ ಇತ್ತು, ಇಂದೂ ಇಷ್ಟೇ.
ತಣ್ಣಗಿದ್ದಾಗ ಆನೆ ಹತ್ತಿದರೂ ಅಲುಗದ್ದು
ಐನೂರ ನಲವತ್ತು ಡಿಗ್ರಿಯಲ್ಲಿ
ಅದೇ ಭಾರ ದಿನವೂ ಹೊತ್ತು ನಿಂತರೆ
ನಿಂತಲ್ಲೇ ತೆವಳುತ್ತದೆ.
ವರ್ಷಕ್ಕೆ, ಮಾರಿಗೆ, ಒಂದು ಕೂದಲೆಳೆ.

ಆಸಿಡ್ಡು ನಾಲ್ಕು ಹನಿ. ಕನ್ನಡಿ ಮಂಕಾಯಿತು.
ಅಸಿಟೋನಿನಲ್ಲಿ ನೆನೆಸಿದ ತೆಳು ಹಾಳೆ ಅಂಟಿಸಿ, ಒತ್ತಿ,
ಹತ್ತು ನಿಮಿಷ.
ಆ ಹತ್ತು ನಿಮಿಷದಲ್ಲಿ ಸಾಬರು ಡಬ್ಬಿ ಬಿಚ್ಚಿದರು:
ಅಕ್ಕಿರೊಟ್ಟಿ, ಒಣಸೀಗಡಿ ಚಟ್ನಿ.
ಕೈಯೆಲ್ಲ ಆಸಿಡ್ಡು ಅಂದೆ.
ನನ್ನ ಪಾಲನ್ನು ಮಡಿಚಿ, ಪೇಪರಿನಲ್ಲಿ ಸುತ್ತಿಟ್ಟರು.

ಸೂಕ್ಷ್ಮದರ್ಶಕದ ಕೆಳಗೆ ಹಾಳೆ:
ಗದ್ದೆಗಳು. ಗುಡ್ಡದ ನೆತ್ತಿಯಿಂದ ಕಂಡ ಹಾಗೆ
ಒಂದಕ್ಕೊಂದು ಅಂಟಿಕೊಂಡ ಮಡಿಗಳು, ನಡುವೆ ಬದು.
ಬದುವಿನಲ್ಲಿ, ಏಡಿ ಕೊರೆದ ಹಾಗೆ,
ತೂತು.
ಎಣಿಸಿದೆ. ಬಿಡಿ ಬಿಡಿ. ಒಂದರ ಕೈ ಇನ್ನೊಂದು ಹಿಡಿದಿಲ್ಲ.
ಸಾಲುಗಟ್ಟಿದರೆ ಹೆದರು, ಅನ್ನುತ್ತದೆ ನಾನು ಓದಿದ ಪುಸ್ತಕ;
ಬಿಡಿಯಾಗಿದ್ದರೆ ಮೂರು ವರ್ಷ ಧಾರಾಳ.

ಮ್ಯಾನೇಜರ್ ಪದ್ಮರಾಜಯ್ಯನವರಿಗೆ ಫೋನಿನಲ್ಲೇ ಖುಷಿ.
"ಹಾಗಾದ್ರೆ ಬರೆದ್ಬಿಡಿ."
ಮೂರು ಎಂದು ಬರೆದೆ.

"ಇದೂ ಒಂದು ನೋಡ್ಕೊಂಡ್ ಹೋಗಿ," ಅಂದರು ಸಾಬರು.
ಕೊಳವೆ ತಿರುಗುವ ಮೂಲೆ. ಸಿಮೆಂಟಿನ ಕಂಬ.
ಕಂಬದ ಮೇಲೆ ಮೊಳೆಯಲ್ಲಿ ಗೀರಿದ ಗೆರೆಗಳು:
ಪ್ರತಿ ವರ್ಷ ಬೆಂಕಿ ಹಚ್ಚಿ, ಪೂರ್ತಿ ಕಾವೇರಿದ ದಿನ
ಕೊಳವೆ ಹಿಗ್ಗಿ ಬಂದು ನಿಂತ ಜಾಗಕ್ಕೆ ಒಂದೊಂದು.
ಹತ್ತೊಂಬತ್ತು.

ಯಾಕೆ ಗೀರಿದಿರಿ?
"ಸುಮ್ನೆ. ಆಗ ಮಗಳನ್ನ ಬಾಗಿಲಿಗೆ ನಿಲ್ಸಿ
ಎತ್ತರ ಗೀರ್ತಿದ್ದೆ, ಅದೇ ಚಾಳಿ.
ಅವಳು ನಿಲ್ಲಿಸಿದ್ಲು. ಇದು ನಿಲ್ಲಿಸ್ಲಿಲ್ಲ."

ಸ್ಕೇಲಿಟ್ಟೆ.
ಮೊದಲ ಹದಿನೈದು ಬಾಚಣಿಗೆಯ ಹಲ್ಲು, ಒಂದೇ ಅಳತೆ.
ಹದಿನಾರನೆಯದು ಒಂಚೂರು ಆಚೆ.
ಹದಿನೇಳು ಇನ್ನೂ ಆಚೆ.
ಕೊನೆಯ ಎರಡರ ನಡುವೆ
ನನ್ನ ಕಿರುಬೆರಳು ಮಲಗುವಷ್ಟು ಜಾಗ.

ಇಷ್ಟು ವರ್ಷ ತೆವಳಿದ್ದಕ್ಕೆ
ಈಗ ಅವಸರ.
ನಾನು ಉಜ್ಜಿದ ಹೆಬ್ಬೆಟ್ಟಗಲದಲ್ಲಿ ಅದಿರಲಿಲ್ಲ.
ಇನ್ನೆಲ್ಲೋ, ಯಾವುದೋ ಬೆಸುಗೆಯ ಬಗಲಲ್ಲಿ,
ಕತ್ತಲಲ್ಲಿ, ತೂತುಗಳು ಕೈ ಕೈ ಹಿಡಿದಿವೆ.
ನನ್ನ ಕನ್ನಡಿಗೆ ಅದರ ವಿಳಾಸ ಗೊತ್ತಿಲ್ಲ.

ಮೂರನ್ನು ಹೊಡೆದುಹಾಕಿದೆ.
ಇನ್ನೂ ನಲವತ್ತು ಕಡೆ ಉಜ್ಜಿ ನೋಡಬೇಕು,
ಅಲ್ಲಿಯವರೆಗೆ ಬೆಂಕಿ ಬೇಡ.
ಇದಕ್ಕೆ ಆಧಾರ? ಅಂತ ಒಂದು ಅಂಕಣ.
ಮೊಳೆ ಅಂತ ಬರೆಯಲು ಕೈ ಬರಲಿಲ್ಲ.
ಬರೆದೆ: ಸ್ಥಳದಲ್ಲೇ ತೆಗೆದ ಅಳತೆ, ಹತ್ತೊಂಬತ್ತು ವರ್ಷದ್ದು,
ಅಳೆದವರು ದಸ್ತಗೀರ್, ಫೈರ್‌ಮನ್.

"ಹೆಸರ್ಯಾಕೆ ಹಾಕಿದ್ರಿ," ಅಂದರು, ಸ್ವಲ್ಪ ಗಾಬರಿಯಲ್ಲಿ.

ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು.
ಕೈ ತೊಳೆದು ಪೇಪರು ಬಿಚ್ಚಿದೆ.
ರೊಟ್ಟಿ ತಣ್ಣಗಾಗಿ, ಗಟ್ಟಿಯಾಗಿ,
ಮಡಿಚಿದಲ್ಲೇ ಸೀಳಿತ್ತು.